ದಾಜೀಪುರದ ಕಾಟಿಗಳನ್ನು ಕಾಣಹೋಗುವವರಿಗೆ

ವನ್ಯಮೃಗಗಳನ್ನು ಅವುಗಳ ಸಹಜ ನೆಲೆಯಲ್ಲಿಯೇ ಕಾಣಬೇಕೆಂಬ ಆಸೆ ಹುಟ್ಟಿದಾಗ ಕೊಲ್ಹಾಪುರ, ಇಚಲಕರಂಜಿ, ಗಡಹಿಂಗ್ಲಜಗಳ ಕನ್ನಡ ಕುಟುಂಬಗಳು ದಾಂಡೇಲಿಯನ್ನೋ, ಅದಕ್ಕಿಂತಲೂ ದೂರದ ಬಂಡೀಪುರ ನಾಗರಹೊಳೆಗಳನ್ನೋ ನೆನೆಯುವುದು ವಾಡಿಕೆಯಾಗಿದೆ. ಆ ಅರಣ್ಯಗಳ ಹಿರಿಮೆಯನ್ನು ಯಾರೂ ಅಲ್ಲಗಳೆಯಲಾರರು. ಆದರೆ ಮಹಾರಾಷ್ಟ್ರವೆಂಬ ರಾಜ್ಯವೇ ಇನ್ನೂ ರೂಪುಗೊಂಡಿರದ 1958ರಲ್ಲಿ, ಕಾಟಿಗಳ ರಕ್ಷಣೆಯೊಂದನ್ನೇ ಉದ್ದೇಶವಾಗಿಟ್ಟುಕೊಂಡು ಘೋಷಿತವಾದ, ಇಂದಿನ ಮಹಾರಾಷ್ಟ್ರದ ಅಭಯಾರಣ್ಯಗಳಲ್ಲೆಲ್ಲ ಮೊದಲನೆಯದೆಂಬ ಮಾನ್ಯತೆಯನ್ನು ಪಡೆದಿರುವ ದಾಜೀಪುರದ ಕಾಡು ತಮ್ಮದೇ ಜಿಲ್ಲೆಯ ಪಶ್ಚಿಮದ ಅಂಚಿನಲ್ಲಿ, ಬೆಳಗಿನ ಜಾವ ಹೊರಟರೆ ಬಿಸಿಲೇರುವ ಮುನ್ನ ಮುಟ್ಟಬಹುದಾದಷ್ಟು ಸಮೀಪದಲ್ಲಿ ಇದೆಯೆಂಬುದನ್ನು ಬಲ್ಲವರು ನಮ್ಮಲ್ಲಿ ತೀರ ಕಡಿಮೆ. ಬಲ್ಲವರಲ್ಲಿಯೂ ಅನೇಕರು ಅದನ್ನು ಮಳೆಗಾಲದ ಜಲಪಾತಗಳ ದಾರಿಯೆಂದು ಮಾತ್ರ ಬಲ್ಲರು. ಈ ಕೊರತೆಯನ್ನು ಕಿಂಚಿತ್ತಾದರೂ ನೀಗಿಸುವುದು ಈ ಲೇಖನದ ಆಶಯ.

ದಾಜೀಪುರವು ಇಂದು ರಾಧಾನಗರಿ ವನ್ಯಜೀವಿ ಅಭಯಾರಣ್ಯದ ಒಂದು ಭಾಗ. 1985ರಲ್ಲಿ ಅದರ ಮೇರೆಗಳನ್ನು ವಿಸ್ತರಿಸಲಾಗಿ, ಈಗ ಒಟ್ಟು ವಿಸ್ತೀರ್ಣ 351 ಚದರ ಕಿಲೋಮೀಟರುಗಳಷ್ಟಿದೆ. 2012ರಲ್ಲಿ ಯುನೆಸ್ಕೋ ಸಂಸ್ಥೆಯು ಪಶ್ಚಿಮಘಟ್ಟಗಳ ಆಯ್ದ ತಾಣಗಳನ್ನು ವಿಶ್ವಪರಂಪರೆಯ ಪಟ್ಟಿಗೆ ಸೇರಿಸಿದಾಗ ಮಹಾರಾಷ್ಟ್ರದಿಂದ ಆರಿಸಲ್ಪಟ್ಟ ನಾಲ್ಕು ಸ್ಥಳಗಳಲ್ಲಿ ಕಾಸ, ಕೊಯ್ನಾ, ಚಾಂದೋಲಿಗಳ ಜೊತೆಯಲ್ಲಿ ರಾಧಾನಗರಿಯೂ ಸ್ಥಾನ ಪಡೆಯಿತು. ಉತ್ತರದ ಸಹ್ಯಾದ್ರಿ ವ್ಯಾಘ್ರಧಾಮಕ್ಕೂ ದಕ್ಷಿಣದ ಗೋವಾ ಮತ್ತು ಕರ್ನಾಟಕದ ಕಾಡುಗಳಿಗೂ ನಡುವಣ ಕೊಂಡಿಯಂತಿರುವ ಈ ಪ್ರದೇಶದಲ್ಲಿ ಹುಲಿಯೂ ಆಗೊಮ್ಮೆ ಈಗೊಮ್ಮೆ ಹಾದುಹೋಗುವುದುಂಟು. ಆದರೆ ಹುಲಿಯನ್ನು ಕಾಣುವ ಆಸೆಯಿಂದ ಇಲ್ಲಿಗೆ ಬರುವುದು ತರವಲ್ಲ. ಇದು ಕಾಟಿಯ ರಾಜ್ಯ. ಮರಾಠಿಯಲ್ಲಿ ಗವಾ ಎಂದು ಕರೆಯಲ್ಪಡುವ ಈ ಮಹಾಪ್ರಾಣಿಯನ್ನು ಮನದಣಿಯೆ ನೋಡುವ ಸಂಕಲ್ಪದಿಂದ ಬಂದವರು ನಿರಾಶರಾಗುವುದು ಅಪರೂಪ.

ಈ ಕಾಡು ಉಳಿದು ಬಂದ ಬಗೆಯನ್ನು ಎರಡು ಮಾತುಗಳಲ್ಲಿ ಹೇಳಬೇಕು. ಕೊಲ್ಹಾಪುರದ ಛತ್ರಪತಿಗಳಿಗೆ ಇದು ಮೃಗಯಾವಿಹಾರದ ಕಾದಿಟ್ಟ ಅರಣ್ಯವಾಗಿತ್ತು. ಬೇಟೆಯಲ್ಲಿ ಅವರಿಗಿದ್ದ ಆಸಕ್ತಿ ಪ್ರಸಿದ್ಧವಾದುದು. ಬಯಲುಸೀಮೆಯಲ್ಲಿ ಪಳಗಿಸಿದ ಚೀತಾಗಳನ್ನು ಕೃಷ್ಣಮೃಗಗಳ ಮೇಲೆ ಬಿಡುವ ಕ್ರೀಡೆಗೆ ಕೊಲ್ಹಾಪುರ ಸಂಸ್ಥಾನವು ದೇಶದಲ್ಲಿಯೇ ಹೆಸರಾಗಿದ್ದು, ನಾಡಚೀತಾಗಳು ವಿರಳವಾದ ಮೇಲೆ ಆಫ್ರಿಕೆಯಿಂದ ಅವುಗಳನ್ನು ತರಿಸಿಕೊಳ್ಳಲಾಗುತ್ತಿತ್ತು. ಬಯಲಿನ ಆ ಕೃಷ್ಣಮೃಗಗಳ ಹಿಂಡುಗಳು ಇಂದು ನಮ್ಮ ಕಬ್ಬಿನ ಗದ್ದೆಗಳ ನಡುವೆ ಕಾಣಸಿಗವು. ಚೀತಾವಂತೂ 1952ರಲ್ಲಿ ದೇಶದಿಂದಲೇ ಅಳಿದುಹೋಯಿತೆಂದು ಸಾರಲ್ಪಟ್ಟಿತು. ಮಲೆಯ ಕಾಟಿಗಳು ಮಾತ್ರ ಉಳಿದುವು. 1922ರಲ್ಲಿ ನಿಧನರಾದ ರಾಜರ್ಷಿ ಶಾಹೂ ಮಹಾರಾಜರು ಭೋಗಾವತಿ ನದಿಗೆ ಅಡ್ಡಲಾಗಿ ಆರಂಭಿಸಿದ ಅಣೆಕಟ್ಟು ಅವರ ಕಾಲಾನಂತರ ಪೂರ್ಣಗೊಂಡು, ಅದರ ಹಿನ್ನೀರೂ ದೂಧಗಂಗೆಯ ಮೇಲಣ ಕಾಳಮ್ಮವಾಡಿಯ ಜಲಾಶಯವೂ ಈ ಕಾಡಿನ ಮಗ್ಗುಲುಗಳನ್ನು ತಬ್ಬಿಕೊಂಡಿರುವುದರಿಂದ ಬೇಸಗೆಯಲ್ಲಿಯೂ ಮೃಗಗಳಿಗೆ ನೀರಿನ ಅಭಾವವು ಅಷ್ಟಾಗಿ ಬಾಧಿಸದು. ಕೊಲ್ಹಾಪುರದ ಬಯಲು ಕುಡಿಯುವ ನೀರಿನಲ್ಲಿ ಬಹುಪಾಲು ಈ ಕಾಡೇ ಸೋಸಿ ಇಳಿಸಿದ ನೀರೆಂಬುದನ್ನು ಇಲ್ಲಿಗೆ ಬರುವ ಪ್ರತಿಯೊಬ್ಬನೂ ನೆನೆಯತಕ್ಕದ್ದು.

ಕಾಡಿನ ರಚನೆಯನ್ನು ಮೊದಲೇ ತಿಳಿದುಕೊಂಡರೆ ಪ್ರಾಣಿಗಳನ್ನು ಎಲ್ಲಿ ಅರಸಬೇಕೆಂಬುದು ತಾನಾಗಿ ಹೊಳೆಯುತ್ತದೆ. ಘಟ್ಟದ ತಲೆಯ ಮೇಲೆ ಸಡಾ ಎಂದು ಸ್ಥಳೀಯರು ಕರೆಯುವ ಜಂಬಿಟ್ಟಿಗೆಯ ಸಮತಟ್ಟು ಬಂಡೆಬಯಲುಗಳಿವೆ. ಅವುಗಳ ಅಂಚಿನಲ್ಲಿ ಜಂಬುನೇರಳೆ, ಅಳಲೆ, ಅಂಜನಿ ಮೊದಲಾದ ಮರಗಳೂ, ಮರಗಳ ಕೆಳಗೆ ಕಾರ್ವಿಯ ದಟ್ಟ ಪೊದೆಗಳೂ ಹಬ್ಬಿವೆ. ಹಗಲಿನ ತಾಪದಲ್ಲಿ ನೆರಳನ್ನು ಸೇರಿ ಮೆಲುಕು ಹಾಕುವ ಕಾಟಿಯು ಮುಂಜಾನೆ ಮತ್ತು ಸಂಜೆಗಳಲ್ಲಿ ಹುಲ್ಲನ್ನರಸಿ ಈ ಬಯಲುಗಳಿಗೆ ಹೊರಬರುತ್ತದೆ. ಆದುದರಿಂದ ಕಾಡಿನ ನಡುವೆ ಅಲೆಯುವುದಕ್ಕಿಂತ, ಸವರಾಯಿ ಸಡಾದಂಥ ಬಯಲಿನ ಅಂಚಿನಲ್ಲಿ ಮರೆಯಾಗಿ ಕುಳಿತು ಕಾಯುವವನಿಗೆ ಫಲ ಹೆಚ್ಚು. ಕಾಡು ಮತ್ತು ಬಯಲುಗಳು ಕೂಡುವ ಸಂಧಿಯೇ ನೋಡುಗನ ಸ್ಥಾನವೆಂದು ತಿಳಿಯಬೇಕು.

ಕಾಟಿಯನ್ನು ಮೊದಲ ಬಾರಿಗೆ ಕಂಡವನಿಗೆ ಅದರ ಗಾತ್ರವೇ ವಿಸ್ಮಯವನ್ನುಂಟುಮಾಡುತ್ತದೆ. ಬೆಳೆದ ಗಂಡು ಭುಜದವರೆಗೆ ಆರು ಅಡಿಗಳಷ್ಟು ಎತ್ತರವಿರಬಹುದು. ತೂಕ ಸಾವಿರ ಕಿಲೋಗ್ರಾಮಿನವರೆಗೂ ಏರಬಹುದು. ಮೊಣಕಾಲಿನಿಂದ ಕೆಳಕ್ಕೆ ಮಾಸಿದ ಬಿಳಿಯ ಕಾಲ್ಚೀಲ, ಹಣೆಯ ಮೇಲೆ ಬೂದುಬಣ್ಣದ ಉಬ್ಬು, ಬೆನ್ನಿನ ನಡುವಿನವರೆಗೆ ಬಂದು ಥಟ್ಟನೆ ಇಳಿಯುವ ಏಣು—ಈ ಮೂರು ಲಕ್ಷಣಗಳನ್ನು ಗುರುತಿಟ್ಟುಕೊಂಡರೆ ದೂರದಿಂದ ಊರೆಮ್ಮೆಯೆಂದು ಭ್ರಮಿಸುವ ಸಂಭವವಿಲ್ಲ. ಪ್ರಾಯದ ಗಂಡು ಕಪ್ಪು. ಹೆಣ್ಣು ಮತ್ತು ಎಳೆಯವು ಕಂದು. ಅಂದೇ ಹುಟ್ಟಿದ ಕರುವಿನ ಮೈ ಹೊಂಬಣ್ಣ. ಹಿಂಡಿನ ನಾಯಕತ್ವವು ಸಾಮಾನ್ಯವಾಗಿ ಅನುಭವಿಯಾದ ಹಿರಿಯ ಹೆಣ್ಣಿನದು. ವಯಸ್ಸಾದ ಗಂಡುಗಳು ಒಂಟಿಯಾಗಿ ಸಂಚರಿಸುತ್ತವೆ. ಒಂಟಿ ಗಂಡೆಂದರೆ ರೋಷದ ಪ್ರಾಣಿಯೆಂಬ ಭಾವನೆ ಜನರಲ್ಲಿ ಬೇರೂರಿದ್ದರೂ ಅದು ಸರಿಯಲ್ಲ. ಅದು ಏಕಾಂತಪ್ರಿಯ, ಸಮೀಪಿಸದಿದ್ದರೆ ತನ್ನಷ್ಟಕ್ಕೆ ತಾನು ಮೇಯುತ್ತಿರುತ್ತದೆ.

ಇನ್ನು ಕಾಲದ ವಿಚಾರ. ಮಳೆಗಾಲದಲ್ಲಿ ಅಭಯಾರಣ್ಯದೊಳಕ್ಕೆ ಪ್ರವಾಸಿಗರಿಗೆ ಪ್ರವೇಶವಿರುವುದಿಲ್ಲ. ಕಾಡುದಾರಿಗಳು ಕೆಸರಾಗಿರುವುದಲ್ಲದೆ, ಮೃಗಗಳಿಗೆ ಮನುಷ್ಯರಿಂದ ಕೆಲವು ತಿಂಗಳ ಬಿಡುವು ದೊರೆಯಬೇಕಾದುದೂ ನ್ಯಾಯವೇ. ದೀಪಾವಳಿಯ ಅನಂತರದ ಚಳಿಗಾಲದಲ್ಲಿ ಹವೆ ಹಿತಕರವಾಗಿದ್ದು ಪಕ್ಷಿವೀಕ್ಷಣೆಗೆ ಅದೇ ಪ್ರಶಸ್ತವಾದ ಕಾಲ. ಆದರೆ ಹುಲ್ಲು ಆಳೆತ್ತರಕ್ಕೆ ಬೆಳೆದಿರುವುದರಿಂದ ಹತ್ತಿರದಲ್ಲಿಯೇ ನಿಂತ ಪ್ರಾಣಿಯೂ ಕಣ್ಣಿಗೆ ಬೀಳದೆ ಹೋಗುವುದುಂಟು. ಕಾಟಿಯನ್ನು ಕಾಣಬೇಕೆಂಬುವವರು ಮಾರ್ಚಿನಿಂದ ಮೇ ತಿಂಗಳವರೆಗಿನ ಬಿಸಿಲನ್ನು ಸಹಿಸಿಕೊಳ್ಳಲು ಸಿದ್ಧರಾಗಬೇಕು. ಆಗ ಪೊದೆಗಳು ಬರಿದಾಗಿ, ಸಣ್ಣ ತೊರೆಗಳು ಬತ್ತಿ, ಪ್ರಾಣಿಗಳೆಲ್ಲ ಉಳಿದ ಕೆಲವೇ ನೀರುತಾಣಗಳಿಗೆ ಬರುತ್ತವೆ. ವೈಶಾಖದ ಬುದ್ಧ ಪೂರ್ಣಿಮೆಯ ರಾತ್ರಿ ಬೆಳುದಿಂಗಳಿನಲ್ಲಿ ನೀರುತಾಣಗಳ ಬಳಿಯ ಮಚ್ಚಾನಗಳ ಮೇಲೆ ಕುಳಿತು ಪ್ರಾಣಿಗಳನ್ನು ಎಣಿಸುವ ಪದ್ಧತಿ ಮಹಾರಾಷ್ಟ್ರದ ಅರಣ್ಯ ಇಲಾಖೆಯಲ್ಲಿ ಬಹುಕಾಲದಿಂದ ಬಂದಿದೆ. ಈಚೆಗೆ ಸಾರ್ವಜನಿಕರಿಗೂ ಅದರಲ್ಲಿ ಪಾಲ್ಗೊಳ್ಳುವ ಅವಕಾಶವನ್ನು ಕಲ್ಪಿಸುತ್ತಿರುವುದರಿಂದ, ಮೊದಲೇ ಹೆಸರು ನೋಂದಾಯಿಸಿಕೊಂಡರೆ ಜೀವಮಾನದಲ್ಲಿ ಮರೆಯಲಾಗದ ಒಂದು ರಾತ್ರಿ ಲಭಿಸೀತು.

ಕೊಲ್ಹಾಪುರದಿಂದ ರಾಧಾನಗರಿಯ ಮೂಲಕ ದಾಜೀಪುರಕ್ಕೆ ಸುಮಾರು 80 ಕಿಲೋಮೀಟರುಗಳ ಹಾದಿ. ಫೋಂಡಾ ಘಾಟವನ್ನಿಳಿದು ಕೊಂಕಣಕ್ಕೆ ಹೋಗುವ ಎಸ್.ಟಿ. ಬಸ್ಸುಗಳು ಇದೇ ದಾರಿಯಲ್ಲಿ ಸಾಗುತ್ತವೆ. ಇಚಲಕರಂಜಿಯವರು ಕೊಲ್ಹಾಪುರದ ಮೂಲಕ ಬರುವುದೇ ಲೇಸು. ಗಡಹಿಂಗ್ಲಜದವರಿಗೆ ಗಾರಗೋಟಿ, ಮುದಾಳ ತಿಟ್ಟಾಗಳ ಮೇಲಿನಿಂದ ರಾಧಾನಗರಿಯನ್ನು ಸೇರುವ ಒಳದಾರಿಯುಂಟು. ಅಭಯಾರಣ್ಯದ ಒಳದಾರಿ ಕಲ್ಲುಮಣ್ಣಿನದಾದುದರಿಂದ ನೆಲಕ್ಕೆ ತಾಗುವಷ್ಟು ತಗ್ಗಾದ ಕಾರುಗಳು ನಿರುಪಯುಕ್ತ; ಸ್ಥಳೀಯ ಜೀಪುಗಳನ್ನೂ ಮಾರ್ಗದರ್ಶಿಗಳನ್ನೂ ಗೊತ್ತುಮಾಡಿಕೊಳ್ಳಬೇಕು. ಪ್ರವೇಶದ ಸಮಯ, ವಾರದ ರಜೆಯ ದಿನ, ಶುಲ್ಕ—ಇವು ಕಾಲಕಾಲಕ್ಕೆ ಬದಲಾಗತಕ್ಕವಾದುದರಿಂದ ಹೊರಡುವ ಮುನ್ನ ಅರಣ್ಯ ಇಲಾಖೆಯ ಕಚೇರಿಯಲ್ಲಿ ವಿಚಾರಿಸಿಕೊಳ್ಳುವುದು ವಿಹಿತ. ಮಾರ್ಗದರ್ಶಿಯ ವೇತನವನ್ನು ಅನಾವಶ್ಯಕ ವೆಚ್ಚವೆಂದು ಯಾರೂ ಭಾವಿಸಕೂಡದು. ಈ ಕಾಡಿನ ಹಳ್ಳಿಗಳಲ್ಲಿ ಹುಟ್ಟಿ ಬೆಳೆದ ಆ ಯುವಕರ ಕಣ್ಣುಗಳು ನಮ್ಮ ಕಣ್ಣುಗಳಿಗಿಂತ ಎಷ್ಟೋ ಪಾಲು ಸೂಕ್ಷ್ಮವಾದುವು. ಕಾಡಿನಿಂದ ಅವರಿಗೆ ಜೀವನೋಪಾಯ ದೊರೆಯುವವರೆಗೆ ಕಾಡು ಉಳಿಯುವುದರಲ್ಲಿ ಅವರಿಗೂ ಆಸಕ್ತಿ ಉಳಿಯುತ್ತದೆ.

ನೋಡುವ ವಿದ್ಯೆಯ ಬಗ್ಗೆ ಸ್ವಲ್ಪ ವಿಸ್ತರಿಸಿ ಹೇಳಬೇಕಾಗಿದೆ. ಏಕೆಂದರೆ ಹೆಚ್ಚಿನವರು ಬರಿಗೈಯಲ್ಲಿ ಹಿಂದಿರುಗುವುದು ಪ್ರಾಣಿಗಳಿಲ್ಲದುದರಿಂದಲ್ಲ, ಈ ವಿದ್ಯೆಯನ್ನು ಅರಿಯದುದರಿಂದ. ಕಾಟಿಯ ಘ್ರಾಣಶಕ್ತಿ ಅತ್ಯಂತ ತೀಕ್ಷ್ಣ. ಗಾಳಿಯು ನಮ್ಮ ಕಡೆಯಿಂದ ಅದರ ಕಡೆಗೆ ಬೀಸುತ್ತಿದ್ದರೆ ನಾವು ಎಷ್ಟೇ ಮೌನವಾಗಿದ್ದರೂ ನಮ್ಮ ಆಗಮನದ ಸುದ್ದಿ ಅದಕ್ಕೆ ಮುಟ್ಟಿರುತ್ತದೆ. ಆದುದರಿಂದ ಹಿಡಿ ಧೂಳನ್ನು ತೂರಿ ಗಾಳಿಯ ದಿಕ್ಕನ್ನು ತಿಳಿದು ಎದುರುಗಾಳಿಯಲ್ಲಿ ಕೂಡುವುದು ಮೊದಲ ಪಾಠ. ಅತ್ತರು, ಸುಗಂಧದ ಎಣ್ಣೆಗಳನ್ನು ಅಂದಿನ ಮಟ್ಟಿಗೆ ತ್ಯಜಿಸಬೇಕು. ಮಣ್ಣಿನ ಬಣ್ಣದ, ಒಣಹುಲ್ಲಿನ ಬಣ್ಣದ ಉಡುಪು ತೊಡಬೇಕು. ಹತ್ತು ಮಂದಿಯ ತಂಡಕ್ಕಿಂತ ಮೂವರ ತಂಡ ಮೇಲು. ಮಾತು ನಿಂತು ಅರ್ಧ ಗಳಿಗೆಯಾದ ಮೇಲೆ ಕಾಡು ತನ್ನ ವ್ಯವಹಾರವನ್ನು ಮತ್ತೆ ಆರಂಭಿಸುತ್ತದೆಯಾದುದರಿಂದ, ಬಂದೊಡನೆಯೇ ಏನೂ ಕಾಣಲಿಲ್ಲವೆಂದು ಎದ್ದುಬಿಡುವವನು ಕಾಣಬೇಕಾದುದೆಲ್ಲ ಕಾಣತೊಡಗುವ ಹೊತ್ತಿಗೆ ಸರಿಯಾಗಿ ಬೆನ್ನು ತಿರುಗಿಸಿದಂತಾಗುತ್ತದೆ.

ಪ್ರಾಣಿಯು ಕಾಣದಿದ್ದಾಗಲೂ ಅದರ ಗುರುತುಗಳು ಕಾಣುತ್ತವೆ. ಅವುಗಳನ್ನು ಓದಬಲ್ಲವನಿಗೆ ಬರಿದಾದ ದಿನವೆಂಬುದೇ ಇಲ್ಲ. ಎಮ್ಮೆಯ ಸಗಣಿಯನ್ನು ಹೋಲುವ ರಾಶಿಯ ಮೇಲಿನ ತೇವ ಆರಿಲ್ಲದಿದ್ದರೆ ಕಾಟಿಯ ಹಿಂಡು ಅದೇ ಬೆಳಗ್ಗೆ ಹಾದಿದೆಯೆಂದರ್ಥ. ಸೀಳು ಗೊರಸಿನ ಅಚ್ಚುಗಳಲ್ಲಿ ದೊಡ್ಡವುಗಳ ಪಕ್ಕದಲ್ಲಿ ಚಿಕ್ಕವೂ ಇದ್ದರೆ ಹಿಂಡಿನಲ್ಲಿ ಕರುಗಳಿವೆ, ನಾವು ಹೆಚ್ಚು ದೂರದಲ್ಲಿರಬೇಕು. ಹುತ್ತವನ್ನು ಅಗೆದು ಹಾಕಿದ್ದರೆ ಅದು ಕರಡಿಯ ಕೆಲಸ. ಜಂಬುನೇರಳೆಯ ಕಾಲದಲ್ಲಿ ಅದರ ಹಿಕ್ಕೆಯಲ್ಲಿ ಬೀಜಗಳೇ ತುಂಬಿರುತ್ತವೆ. ನೆಲವನ್ನು ನೇಗಿಲಿನಂತೆ ಉತ್ತಿದ್ದರೆ ಹಂದಿ. ಮರದ ತುದಿಯ ಕವಲಿನಲ್ಲಿ ಕಡ್ಡಿ ಎಲೆಗಳ ದುಂಡನೆಯ ಗೂಡಿದ್ದರೆ ಅದು ಮಹಾರಾಷ್ಟ್ರದ ರಾಜ್ಯಪ್ರಾಣಿಯಾದ ಕೆಂದಳಿಲಿನ ಮನೆ; ಕೆಳಗೆ ನಿಂತು ಕಾದರೆ ಚಟಚಟನೆಂಬ ಸದ್ದಿನೊಡನೆ ಆ ಸುಂದರ ಜೀವಿ ಕೊಂಬೆಯಿಂದ ಕೊಂಬೆಗೆ ಹಾರುವುದನ್ನು ಕಾಣಬಹುದು. ಕಿವಿಗೂ ಕಣ್ಣಿನಷ್ಟೇ ಕೆಲಸವಿದೆ. ಮುಸುವನ ಒರಟು ಕೂಗು, ನಾಯಿಯ ಬೊಗಳಿಕೆಯನ್ನು ಹೋಲುವ ಕಾಡುಕುರಿಯ ಎಚ್ಚರಿಕೆ, ಕಡವೆಯ ಒಂದೇ ಒಂದು ಗಡುಸಾದ ಧ್ವನಿ ಒಂದೇ ದಿಕ್ಕಿನಿಂದ ಮೇಲಿಂದ ಮೇಲೆ ಕೇಳಿಬಂದರೆ ಅಲ್ಲಿ ಚಿರತೆಯೋ ಕೆನ್ನಾಯಿಗಳೋ ಸಂಚರಿಸುತ್ತಿವೆಯೆಂದು ತಿಳಿಯಬೇಕು. ಬೆಳಗಿನ ಜಾವ ಮನುಷ್ಯನೇ ಸಿಳ್ಳು ಹಾಕುತ್ತಿರುವನೋ ಎಂಬಂತೆ ತೊರೆಯ ಬದಿಯಿಂದ ಕೇಳಿಬರುವ ಇಂಪಾದ ರಾಗ ಸಿಳ್ಳಾರ ಹಕ್ಕಿಯದು. ರೆಕ್ಕೆಗಳ ಬೀಸಿನ ಭಾರವಾದ ಸದ್ದು ತಲೆಯ ಮೇಲೆ ಹಾದರೆ ಕತ್ತೆತ್ತಿ ನೋಡಿರಿ: ಅದು ಮಂಗಟ್ಟೆ.

ಕಾಟಿಯ ಎದುರು ನಡೆದುಕೊಳ್ಳಬೇಕಾದ ರೀತಿಯನ್ನು ಸ್ಪಷ್ಟವಾಗಿ ಹೇಳುವುದು ಕರ್ತವ್ಯ. ವಾಹನದಿಂದ ಇಳಿದು ಅದರತ್ತ ನಡೆಯಕೂಡದು. ಅದು ಮೇಯುವುದನ್ನು ನಿಲ್ಲಿಸಿ ತಲೆಯೆತ್ತಿ ನಮ್ಮನ್ನೇ ದಿಟ್ಟಿಸತೊಡಗಿದರೆ ನಾವು ಅತಿ ಸಮೀಪಕ್ಕೆ ಬಂದಿದ್ದೇವೆಂದು ಅರಿಯಬೇಕು. ಬುಸುಗುಟ್ಟಿ, ತನ್ನ ಮೈಯನ್ನು ಅಡ್ಡವಾಗಿ ತಿರುಗಿಸಿ ಗಾತ್ರವನ್ನು ತೋರಿಸುತ್ತ ನಿಂತರೆ ಅದು ಅಂಜಿಕೆಯ ಲಕ್ಷಣವಲ್ಲ, ಎಚ್ಚರಿಕೆ. ಆಗ ಕೂಗಾಡದೆ, ಓಡದೆ, ಮೆಲ್ಲನೆ ಹಿಂದೆ ಸರಿಯಬೇಕು. ಹಿಂಡು ದಾರಿಯನ್ನು ದಾಟುತ್ತಿದ್ದರೆ ಕೊನೆಯ ಕರು ದಾಟುವವರೆಗೆ ವಾಹನವನ್ನು ನಿಲ್ಲಿಸಬೇಕಲ್ಲದೆ ನಡುವೆ ನುಗ್ಗಿಸಿ ತಾಯಿ ಮಕ್ಕಳನ್ನು ಅಗಲಿಸಬಾರದು. ಚಿತ್ರಕ್ಕಾಗಿ ಕಲ್ಲೆಸೆದು ಅದರ ಮುಖವನ್ನು ತಿರುಗಿಸುವವರನ್ನು ಕಂಡಾಗ ಸುಮ್ಮನಿರುವುದೂ ದೋಷವೇ. ದುರ್ಬೀನೊಂದಿದ್ದರೆ ನೂರು ಗಜ ದೂರದಿಂದಲೇ ಅದರ ರೆಪ್ಪೆಯ ಅಲುಗಾಟವನ್ನು ಸಹ ನೋಡಬಹುದು. ಪ್ರಥಮ ಬಾರಿಗೆ ಕಾಡಿಗೆ ಹೊರಡುವ ಸಂಸಾರಕ್ಕೆ ಕ್ಯಾಮರಾಕ್ಕಿಂತ ದುರ್ಬೀನೇ ಹೆಚ್ಚು ಉಪಯುಕ್ತವೆಂದು ನಾನು ದೃಢವಾಗಿ ನಂಬಿದ್ದೇನೆ.

ಮೇ ತಿಂಗಳ ಕೊನೆಯಲ್ಲಿ, ಮುಂಗಾರಿನ ಹೊಸ್ತಿಲಲ್ಲಿ, ರಾಧಾನಗರಿಯ ಸುತ್ತಣ ಮರಗಳಲ್ಲಿ ಮಿಂಚುಹುಳುಗಳು ಸಹಸ್ರ ಸಂಖ್ಯೆಯಲ್ಲಿ ಬೆಳಗುವುದುಂಟು. ಆ ಬೆಳಕು ಗಂಡು ಹೆಣ್ಣುಗಳು ಪರಸ್ಪರರನ್ನು ಅರಸುವ ಸಂಕೇತವಾದುದರಿಂದ ಟಾರ್ಚು, ಕಾರಿನ ದೀಪಗಳ ಪ್ರಖರತೆಯಲ್ಲಿ ಅವು ದಿಕ್ಕುಗೆಡುತ್ತವೆ. ದೀಪವನ್ನಾರಿಸಿ ಕತ್ತಲೆಯಲ್ಲಿ ನಿಲ್ಲಬಲ್ಲವರು ಮಾತ್ರ ಹೋಗಲಿ. ಮಳೆ ಹಿಡಿದ ಮೇಲೆ ಆಂಬೋಲಿಯ ಸರದಿ. ಹಿರಣ್ಯಕೇಶಿಯ ಉಗಮಸ್ಥಾನವಾದ ಆ ಊರು ಗಡಹಿಂಗ್ಲಜದಿಂದ ಆಜರಾದ ಮೇಲೆ ಸುಮಾರು 50 ಕಿಲೋಮೀಟರು. ಹಸುರು ಕಪ್ಪೆಗಳು, ಬಿದಿರುಮೆಳೆಯ ಹಾವುಗಳು, ಆಂಬೋಲಿಯ ಹೆಸರನ್ನೇ ಹೊತ್ತ ಪುಟ್ಟ ನೆಲಗಪ್ಪೆ—ಇವೆಲ್ಲ ಮಳೆಗಾಲದ ರಾತ್ರಿಗಳಲ್ಲಿ ಬಲ್ಲವರ ಜೊತೆಯಲ್ಲಿ ಹೋದವರಿಗೆ ಗೋಚರವಾಗುತ್ತವೆ. ಅಲ್ಲಿಯ ದೇವಾಲಯದ ಕೊಳದಲ್ಲಿ ದೊರೆತ ಒಂದು ಚಿಕ್ಕ ಮೀನಿಗೆ 2020ರಲ್ಲಿ ವಿಜ್ಞಾನಿಗಳು ಹಿರಣ್ಯಕೇಶಿಯ ಹೆಸರನ್ನೇ ಇಟ್ಟರು. ಮರುವರ್ಷ ಆ ತಾಣವು ಜೀವವೈವಿಧ್ಯದ ಪಾರಂಪರಿಕ ಸ್ಥಳವೆಂದು ಘೋಷಿತವಾಯಿತು. ಗಡಹಿಂಗ್ಲಜದ ಸೇತುವೆಯ ಕೆಳಗೆ ಹರಿದು ಸಂಕೇಶ್ವರವನ್ನು ಹಾಯ್ದು ಘಟಪ್ರಭೆಯನ್ನು ಸೇರುವ ನೀರು ಇದೇ. ಆ ನೀರನ್ನೇ ಅನುಸರಿಸಿ ಗೋಕಾಕ ತಾಲೂಕಿನ ಧೂಪದಾಳದ ಕಡೆಗೆ ಚಳಿಗಾಲದಲ್ಲಿ ಹೋದರೆ ಘಟಪ್ರಭಾ ಪಕ್ಷಿಧಾಮದಲ್ಲಿ ಉತ್ತರದ ದೂರದೇಶಗಳಿಂದ ವಲಸೆ ಬಂದ ಕ್ರೌಂಚಗಳನ್ನು ಕಾಣಬಹುದು.

ಆಜರಾ, ಚಂದಗಡ ತಾಲೂಕುಗಳ ಕಾಡುಗಳ ವಿಷಯದಲ್ಲಿ ಎರಡು ಎಚ್ಚರಿಕೆಗಳು ಅವಶ್ಯ. ಈ ಶತಮಾನದ ಆರಂಭದಲ್ಲಿ ಕರ್ನಾಟಕದ ಕಡೆಯಿಂದ ಬಂದ ಆನೆಗಳು ಇಲ್ಲಿಯ ಭತ್ತ ಕಬ್ಬುಗಳ ರುಚಿ ಕಂಡು ನೆಲೆಸಿವೆ. ರಾತ್ರಿಯಿಡೀ ಹೊಲ ಕಾಯುವ ರೈತನಿಗೆ ಆನೆಯೆಂದರೆ ಪ್ರವಾಸದ ವಿನೋದವಲ್ಲ. ಆನೆ ಬಂದಿದೆಯೆಂಬ ಸುದ್ದಿ ಕೇಳಿ ಮೋಟಾರು ಸೈಕಲ್ಲುಗಳ ಮೇಲೆ ನೋಡಲು ಧಾವಿಸುವುದು ಆನೆಗೂ ರೈತನಿಗೂ ನೋಡುವವನಿಗೂ ಅಪಾಯಕರ. ಎರಡನೆಯದಾಗಿ, ಚಂದಗಡಕ್ಕೆ ತಗಲಿದ ಸಿಂಧುದುರ್ಗ ಜಿಲ್ಲೆಯ ದೋಡಾಮಾರ್ಗದ ಕಡೆ 2016ರಲ್ಲಿ ಮಂಗನ ಕಾಯಿಲೆ ಕಾಣಿಸಿಕೊಂಡಿತು. ಒಣಗಾಲದಲ್ಲಿ ಉಣ್ಣೆಗಳಿಂದ ಹರಡುವ ಜ್ವರವಾದುದರಿಂದ ತುಂಬುತೋಳಿನ ಅಂಗಿ, ಕಾಲ್ಚೀಲದೊಳಗೆ ಸಿಕ್ಕಿಸಿದ ಪಾಯಜಾಮೆ, ಹಿಂದಿರುಗಿದೊಡನೆ ಬಿಸಿನೀರಿನ ಸ್ನಾನ—ಇವುಗಳನ್ನು ತಪ್ಪಿಸಬಾರದು. ಮಂಗ ಸತ್ತು ಬಿದ್ದಿದ್ದರೆ ಆ ಸ್ಥಳದಿಂದ ದೂರ ಸರಿದು ಆರೋಗ್ಯ ಕೇಂದ್ರಕ್ಕೆ ತಿಳಿಸಬೇಕು.

ಇಚಲಕರಂಜಿಯ ಮಗ್ಗಗಳ ನಡುವೆ ದುಡಿಯುವವರಿಗೆ ಒಂದು ದಿನದ ಬಿಡುವಿನಲ್ಲಿ ದಾಜೀಪುರದ ಪ್ರಯಾಣ ಆಯಾಸವೆನಿಸಬಹುದು. ಅಂಥವರು ಮಕ್ಕಳನ್ನು ಕರೆದುಕೊಂಡು ಸಾಂಗಲಿ ಜಿಲ್ಲೆಯ ಸಾಗರೇಶ್ವರಕ್ಕೆ ಹೋಗಲಿ. ವೃಕ್ಷಮಿತ್ರ ಧೋಂಡಿರಾಮ ಮಹಿಪತಿ ಮೋಹಿತೆಯವರ ಅವಿಶ್ರಾಂತ ಪರಿಶ್ರಮದಿಂದ ಬೋಳುಗುಡ್ಡಗಳ ಮೇಲೆ ಮರಗಳನ್ನು ಬೆಳೆಸಿ, ಜಿಂಕೆ ಕಡವೆಗಳನ್ನು ತಂದುಬಿಟ್ಟು, 1985ರಲ್ಲಿ ಅಭಯಾರಣ್ಯವೆನಿಸಿದ ಈ ತಾಣವು 11 ಚದರ ಕಿಲೋಮೀಟರಿಗೂ ಕಡಿಮೆ ವಿಸ್ತಾರದ್ದು. ಇದು ಮನುಷ್ಯನು ಕಟ್ಟಿದ ಕಾಡು. ಮಲೆಯ ಗಾಂಭೀರ್ಯ ಇಲ್ಲಿಲ್ಲ. ಆದರೆ ಕಾಡೊಂದನ್ನು ಮತ್ತೆ ಎಬ್ಬಿಸಬಹುದೆಂಬ ಪಾಠ ಇಲ್ಲಿದೆ. ಅದಕ್ಕಾಗಿಯೇ ಇದು ನನಗೆ ಪ್ರಿಯ. ಶಿರೋಳದ ಆಸುಪಾಸಿನ ಕೃಷ್ಣೆಯಲ್ಲಿ ಮೊಸಳೆಗಳೂ ಉಂಟು. ಚಳಿಗಾಲದ ಬಿಸಿಲಿನಲ್ಲಿ ಮಳಲದಂಡೆಗಳ ಮೇಲೆ ಮೈಕಾಯಿಸುತ್ತ ಮಲಗುವ ಅವುಗಳನ್ನು ಎದುರುದಡದಿಂದ ನೋಡಬೇಕು, ಅಂಥ ಕಡೆ ನೀರಿಗಿಳಿಯಲೇಬಾರದು.

ಕೊನೆಯದಾಗಿ ಒಂದು ವಿನಂತಿ. ನಾವು ಕಾಟಿಯನ್ನು ನೋಡಹೋಗುವಂತೆ ಕಾಟಿಯೂ ಕೆಲವೊಮ್ಮೆ ನಮ್ಮ ಊರುಗಳ ಕಡೆ ಬರುತ್ತದೆ. ಕಬ್ಬಿನ ಬೆಳೆಯ ಮರೆಯಲ್ಲಿ ದಾರಿ ತಪ್ಪಿ ಕೊಲ್ಹಾಪುರ ನಗರದ ಅಂಚಿಗೂ ಅದು ಬಂದುದುಂಟು. 2020ರ ಡಿಸೆಂಬರಿನಲ್ಲಿ ಪುಣೆಯ ಕೋಥರೂಡ ಬಡಾವಣೆಗೆ ಹೊಕ್ಕ ಕಾಟಿಯೊಂದು ಬೆನ್ನಟ್ಟಿದ ಜನಸಂದಣಿಯ ಗದ್ದಲಕ್ಕೆ ಬೆದರಿ ಗಂಟೆಗಟ್ಟಲೆ ಓಡಿ ಬಳಲಿ, ಸೆರೆ ಸಿಕ್ಕ ಸ್ವಲ್ಪ ಹೊತ್ತಿನಲ್ಲಿಯೇ ಪ್ರಾಣ ಬಿಟ್ಟಿತು. ನಿಮ್ಮ ಹೊಲದಲ್ಲಿ, ನಿಮ್ಮ ಕೇರಿಯಲ್ಲಿ ಇಂಥ ಅತಿಥಿ ಕಾಣಿಸಿಕೊಂಡಾಗ ಗುಂಪುಗೂಡಬೇಡಿರಿ, ಬೆನ್ನಟ್ಟಬೇಡಿರಿ, ಮೊಬೈಲುಗಳಲ್ಲಿ ಸುದ್ದಿ ಹರಡಿ ಇನ್ನಷ್ಟು ಜನರನ್ನು ಕರೆಯಬೇಡಿರಿ. ನಾಯಿಗಳನ್ನು ಕಟ್ಟಿಹಾಕಿ, ಅದು ಬಂದ ದಾರಿಯನ್ನು ತೆರವಾಗಿಟ್ಟು, ಮಹಾರಾಷ್ಟ್ರ ಅರಣ್ಯ ಇಲಾಖೆಯ 1926 ಸಂಖ್ಯೆಗೆ ಕೂಡಲೇ ದೂರವಾಣಿ ಮಾಡಿರಿ.